ಸರ್ಕಾರ, ಕಂಪೆನಿ ಮತ್ತು ರೈತ: ಸ್ವಯಂಪ್ರೇರಿತ ಪಾಲುಗಾರಿಕೆಗಳ ಗುಣದೋಷ ವಿಚಾರ

ಪಾಲುಗಾರಿಕೆಯೆಂಬುದು ಬೇಸಾಯಗಾರರಿಗೆ ಹೊಸ ವಿಷಯವಲ್ಲ. ಒಬ್ಬನ ಜಮೀನು, ಇನ್ನೊಬ್ಬನ ಎತ್ತು, ಮತ್ತೊಬ್ಬನ ಮೈದುಡಿಮೆ ಕೂಡಿ ಬೆಳೆ ತೆಗೆಯುವ ವಾಡಿಕೆಯೂ, ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಾಳಾಗಿ ಹೋಗುವ ಪದ್ಧತಿಯೂ ಬಹುಕಾಲದಿಂದ ನಡೆದುಬಂದಿವೆ. ಇಂತಹ ಕೂಡುವಳಿಯಲ್ಲಿ ಬರೆದ ಪತ್ರವಿಲ್ಲದಿದ್ದರೂ, ಕಣದಲ್ಲಿ ರಾಶಿಯನ್ನಳೆಯುವ ಹೊತ್ತಿಗೆ ಯಾರ ಪಾಲು ಎಷ್ಟೆಂಬುದು ಎಲ್ಲರ ಕಣ್ಣೆದುರಿಗೇ ತೀರ್ಮಾನವಾಗುತ್ತದೆ. ಮಾತಿಗೆ ತಪ್ಪಿದವನು ಮುಂದಿನ ವರ್ಷವೂ ಅದೇ ಊರಿನಲ್ಲಿ ಬಾಳಬೇಕಾದುದರಿಂದ ಮಾತು ನಿಲ್ಲುತ್ತದೆ. ಆದರೆ ಪಾಲುಗಾರರಲ್ಲಿ ಒಬ್ಬರು ಒಂದು ದೇಶದ ಸರ್ಕಾರದವರು, ಇನ್ನೊಬ್ಬರು ಸಮುದ್ರದಾಚೆಯ ಕಂಪೆನಿಯವರು, ಮತ್ತೊಬ್ಬರು ವಿಶ್ವಸಂಸ್ಥೆಯವರು, ಕೊನೆಯವನು ರೈತ ಎಂದಾದಾಗ ರಾಶಿಯನ್ನಳೆಯುವವರು ಯಾರು? ಮಾತಿಗೆ ತಪ್ಪಿದವರನ್ನು ಕೇಳುವವರು ಯಾರು?

ಈಗ್ಗೆ ಸುಮಾರು ಕಾಲು ಶತಮಾನದಿಂದ ರಾಷ್ಟ್ರ ರಾಷ್ಟ್ರಗಳ ನಡುವಣ ಅಭಿವೃದ್ಧಿ ನೀತಿಯಲ್ಲಿ ಇಂತಹ ದೊಡ್ಡ ಕೂಡುವಳಿಗಳಿಗೆ ವಿಶೇಷ ಪ್ರಾಶಸ್ತ್ಯ ದೊರೆತಿರುತ್ತದೆ. ಕಾನೂನಿನ ಬಲವಂತವಿಲ್ಲದೆ, ಸರ್ಕಾರಗಳೂ ಖಾಸಗಿ ಕಂಪೆನಿಗಳೂ ಲೋಕೋಪಕಾರಿ ಸಂಘಗಳೂ ತಾವಾಗಿಯೇ ಕೂಡಿ ಒಂದು ಕೆಲಸವನ್ನು ನೆರವೇರಿಸುವುದಾಗಿ ಸಾರುವ ಈ ಏರ್ಪಾಡಿಗೆ ಸ್ವಯಂಪ್ರೇರಿತ ಪಾಲುಗಾರಿಕೆಯೆಂದು ಹೆಸರು. ಬೀಜ, ನೀರು, ಮಣ್ಣು, ಅರಣ್ಯ, ಅಡಿಗೆಯ ಒಲೆ, ಮೋಟಾರಿನ ಎಣ್ಣೆ, ಇವೇ ಮೊದಲಾದ ಅನೇಕ ವಿಷಯಗಳಲ್ಲಿ ಇವು ಹುಟ್ಟಿವೆ. ಅಂತಹ ಏರ್ಪಾಡು ಯಾವುದಾದರೊಂದು ಹೆಸರಿನಿಂದ ಹಳ್ಳಿಗೆ ಬಂದಾಗ ಮೊದಲು ಅಭಿಪ್ರಾಯ ಕೇಳಲ್ಪಡುವವರು ಊರಿನ ಮುಖ್ಯಸ್ಥರೂ ಜಮೀನುದಾರರೂ ಆಗಿರುತ್ತಾರೆ. ಅವರ ಒಂದು ರುಜುವಿನ ಮೇಲೆ ಅನೇಕ ಸಣ್ಣ ಹಿಡುವಳಿದಾರರ ಹೊಲ ಬೀಜಗಳ ಗತಿಯು ನಿಂತಿರುವುದುಂಟು. ಆದಕಾರಣ ಈ ಏರ್ಪಾಡು ಎಲ್ಲಿ ಹುಟ್ಟಿತು, ಎಲ್ಲಿ ಫಲಿಸಿತು, ಎಲ್ಲಿ ಕೆಟ್ಟಿತು, ಏತಕ್ಕೆ ಕೆಟ್ಟಿತು ಎಂಬುದನ್ನು ಅವರು ತಿಳಿದಿರುವುದು ಅವಶ್ಯಕವಾಗಿದೆ.

ಈ ಏರ್ಪಾಡು ಹುಟ್ಟಿದ ಬಗೆ

೧೯೮೭ನೆಯ ಇಸವಿಯಲ್ಲಿ ನಾರ್ವೆ ದೇಶದ ಪ್ರಧಾನಿಗಳಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಅವರ ಅಧ್ಯಕ್ಷತೆಯಲ್ಲಿ ವಿಶ್ವಸಂಸ್ಥೆಯ ಒಂದು ಆಯೋಗವು ತನ್ನ ವರದಿಯನ್ನು ಪ್ರಕಟಿಸಿತು. ಇಂದಿನವರ ಅಗತ್ಯವನ್ನು ಪೂರೈಸುವಾಗ ಮುಂದಿನವರು ತಮ್ಮ ಅಗತ್ಯವನ್ನು ಪೂರೈಸಿಕೊಳ್ಳುವ ಶಕ್ತಿಗೆ ಕುಂದು ಬರಬಾರದೆಂಬುದೇ ಆ ವರದಿಯ ಸಾರ. ಇದಕ್ಕೆ ಸುಸ್ಥಿರ ಅಭಿವೃದ್ಧಿಯೆಂದು ಹೆಸರಾಯಿತು. ಬಂದ ಫಸಲನ್ನೆಲ್ಲ ಉಂಡು ಮುಗಿಸದೆ ಬಿತ್ತನೆಯ ಬೀಜವನ್ನು ಬೇರೆ ಕಟ್ಟಿಡುವ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಈ ತತ್ತ್ವವನ್ನು ಕಾರ್ಯರೂಪಕ್ಕೆ ತರಲು ೧೯೯೨ರ ಜೂನ್ ತಿಂಗಳಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ಸರ್ಕಾರಗಳ ಮಹಾಸಭೆ ಸೇರಿತು. ಅಲ್ಲಿ ಒಪ್ಪಲ್ಪಟ್ಟ ‘ಅಜೆಂಡಾ ೨೧’ ಎಂಬ ಕಾರ್ಯಪಟ್ಟಿಯಲ್ಲಿ, ಅಭಿವೃದ್ಧಿಯು ಸರ್ಕಾರಗಳೊಂದರಿಂದಲೇ ಆಗತಕ್ಕ ಕೆಲಸವಲ್ಲವೆಂದು ಹೇಳಿ, ಒಂಬತ್ತು ವರ್ಗಗಳ ಜನರನ್ನು ಹೆಸರಿಸಲಾಯಿತು. ಸ್ತ್ರೀಯರು, ಯುವಕರು, ಮೂಲನಿವಾಸಿಗಳು, ಸ್ವಯಂಸೇವಾ ಸಂಘಗಳು, ಸ್ಥಳೀಯ ಆಡಳಿತದವರು, ಕಾರ್ಮಿಕರು, ವ್ಯಾಪಾರ ಕೈಗಾರಿಕೆಗಳವರು, ವಿಜ್ಞಾನಿಗಳು ಮತ್ತು ರೈತರು ಎಂಬುವೇ ಆ ಒಂಬತ್ತು ವರ್ಗಗಳು. ರೈತರ ಪಾತ್ರವನ್ನು ಕುರಿತೇ ಪ್ರತ್ಯೇಕವಾಗಿ ೩೨ನೆಯ ಅಧ್ಯಾಯವುಂಟು. ಅಂತಾರಾಷ್ಟ್ರೀಯ ಅಭಿವೃದ್ಧಿಯ ಕಾರ್ಯಪಟ್ಟಿಯಲ್ಲಿ ಬೇಸಾಯಗಾರನಿಗೆ ಹೀಗೆ ಹೆಸರಿಟ್ಟು ಸ್ಥಾನ ಕೊಟ್ಟದ್ದು ಸಣ್ಣ ಮಾತಲ್ಲ.

ಆದರೆ ಪಟ್ಟಿಯನ್ನು ನಡೆಸಲು ಹಣ ಬೇಕಷ್ಟೆ. ಐಶ್ವರ್ಯವಂತ ದೇಶಗಳು ತಮ್ಮ ರಾಷ್ಟ್ರೀಯ ಉತ್ಪನ್ನದಲ್ಲಿ ನೂರಕ್ಕೆ ೦.೭ ಪಾಲನ್ನು ಬಡ ದೇಶಗಳ ಸಹಾಯಕ್ಕೆ ಕೊಡಬೇಕೆಂದು ೧೯೭೦ರಲ್ಲಿಯೇ ವಿಶ್ವಸಂಸ್ಥೆಯಲ್ಲಿ ನಿರ್ಣಯವಾಗಿದ್ದರೂ, ಅದನ್ನು ಸಲ್ಲಿಸಿದ ದೇಶಗಳು ಬೆರಳೆಣಿಕೆಯಷ್ಟೇ. ರಿಯೊ ಸಭೆಯ ತರುವಾಯದ ವರ್ಷಗಳಲ್ಲಿ ಸಹಾಯವು ಹೆಚ್ಚುವುದಕ್ಕೆ ಬದಲು ಇಳಿಮುಖವಾಯಿತು. ಹತ್ತು ವರ್ಷಗಳ ಮೇಲೆ, ೨೦೦೨ರ ಆಗಸ್ಟ್ ೨೬ರಿಂದ ಸೆಪ್ಟೆಂಬರ್ ೪ರವರೆಗೆ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ನಗರದಲ್ಲಿ ಎರಡನೆಯ ಮಹಾಸಭೆ ಸೇರಿದಾಗ, ಹೊಸ ಒಪ್ಪಂದಗಳಿಗೆ ಸರ್ಕಾರಗಳು ಸುಲಭವಾಗಿ ಕೈಹಾಕಲಿಲ್ಲ.

ಆಗ ಎರಡು ಬಗೆಯ ಫಲಿತಾಂಶಗಳೆಂಬ ವಿಂಗಡಣೆ ಮಾಡಲ್ಪಟ್ಟಿತು. ಸರ್ಕಾರಗಳೆಲ್ಲ ಚರ್ಚಿಸಿ ಒಪ್ಪಿದ ಘೋಷಣೆಯೂ ಕಾರ್ಯಯೋಜನೆಯೂ ಮೊದಲನೆಯ ಬಗೆ. ಯಾರಿಗೆ ಇಷ್ಟವಿದೆಯೋ ಅವರು ತಾವಾಗಿ ಕೂಡಿ ಆರಂಭಿಸುವ ಪಾಲುಗಾರಿಕೆಗಳು ಎರಡನೆಯ ಬಗೆ. ಈ ಎರಡನೆಯ ಬಗೆಯವು ಆ ಸಭೆಯ ಕಾಲಕ್ಕೇ ೨೦೦ಕ್ಕಿಂತ ಹೆಚ್ಚಾಗಿ ಪ್ರಕಟವಾದುವು. ಮುಂದೆ ಅವುಗಳ ಸಂಖ್ಯೆಯು ೩೦೦ನ್ನು ಮೀರಿತು.

ನಿಯಮಗಳಿದ್ದುವು, ಕೇಳುವವರಿರಲಿಲ್ಲ

ಈ ಪಾಲುಗಾರಿಕೆಗಳನ್ನು ಬೆಂಬಲಿಸಿದವರ ವಾದದಲ್ಲಿ ಸತ್ಯವಿಲ್ಲದಿರಲಿಲ್ಲ. ನೂರೆಂಬತ್ತಕ್ಕೂ ಮೇಲ್ಪಟ್ಟ ಸರ್ಕಾರಗಳು ಒಂದೊಂದು ಪದಕ್ಕೂ ಚೌಕಾಸಿ ಮಾಡುತ್ತ ಕುಳಿತರೆ ಬೆಳೆ ಒಣಗಿದ ಮೇಲೆ ಮಳೆ ಬಂದಂತಾಗುವುದು. ಮನಸ್ಸುಳ್ಳವರು ಮೊದಲು ನೇಗಿಲು ಹೂಡಲಿ, ಉಳಿದವರು ನೋಡಿ ಹಿಂಬಾಲಿಸಲಿ, ಕಂಪೆನಿಗಳ ಹಣವೂ ತಂತ್ರಜ್ಞಾನವೂ ಸಾರ್ವಜನಿಕ ಕೆಲಸಕ್ಕೆ ಒದಗಲಿ ಎಂಬುದು ಅವರ ಅಭಿಪ್ರಾಯ. ವಿರೋಧಿಸಿದವರ ಭಯವೂ ನಿರಾಧಾರವಾದುದಲ್ಲ. ಸರ್ಕಾರಗಳು ತಮ್ಮ ಹೊಣೆಯನ್ನು ಇತರರ ಹೆಗಲಿಗೆ ಜಾರಿಸುವುವು. ಕಂಪೆನಿಗಳು ಅಲ್ಪ ಖರ್ಚಿನಿಂದ ಬಹಳ ಹೆಸರನ್ನು ಸಂಪಾದಿಸುವುವು ಎಂದು ಅವರು ಹೇಳಿದರು.

ಈ ಭಯವನ್ನು ನಿವಾರಿಸಲು, ಜೋಹಾನ್ಸ್‌ಬರ್ಗ್ ಸಭೆಗೆ ಮುಂಚೆ ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಸೇರಿದ ಪೂರ್ವಸಿದ್ಧತಾ ಸಭೆಯಲ್ಲಿ ಕೆಲವು ಮಾರ್ಗದರ್ಶಕ ಸೂತ್ರಗಳು ರಚಿತವಾದುವು. ಪಾಲುಗಾರಿಕೆಯು ಸರ್ಕಾರದ ಹೊಣೆಗೆ ಪೂರಕವಾಗಿರಬೇಕೇ ಹೊರತು ಬದಲಿಯಾಗಿರಬಾರದು; ಅದಕ್ಕೆ ಸ್ಪಷ್ಟವಾದ ಗುರಿಯೂ ಗಡುವೂ ಇರಬೇಕು; ಹಣ ಎಲ್ಲಿಂದ ಬರುವುದೆಂಬುದನ್ನು ತಿಳಿಸಬೇಕು; ಸ್ಥಳೀಯ ಜನರು ಆರಂಭದಿಂದಲೂ ಪಾಲುಗೊಂಡಿರಬೇಕು; ನಡೆದ ಕೆಲಸದ ವಿವರ ಬಹಿರಂಗವಾಗಿರಬೇಕು ಎಂಬುವು ಅವುಗಳಲ್ಲಿ ಮುಖ್ಯವಾದುವು. ೨೦೦೩ರಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಆಯೋಗವು ಇವನ್ನು ಇನ್ನಷ್ಟು ವಿವರಿಸಿ, ಪಾಲುಗಾರಿಕೆಗಳವರು ಎರಡು ವರ್ಷಕ್ಕೊಮ್ಮೆಯಾದರೂ ವರದಿಯನ್ನೊಪ್ಪಿಸುವುದು ಒಳ್ಳೆಯದೆಂದು ತಿಳಿಸಿತು.

ವಾಚಕರು ಇಲ್ಲಿ ಒಂದು ಪದವನ್ನು ಲಕ್ಷ್ಯದಲ್ಲಿಡತಕ್ಕದ್ದು. ವರದಿಯನ್ನೊಪ್ಪಿಸುವುದು ‘ಒಳ್ಳೆಯದು’ ಎಂದಿತ್ತೇ ಹೊರತು ‘ಒಪ್ಪಿಸಲೇಬೇಕು’ ಎಂದಿರಲಿಲ್ಲ. ಸೇರುವುದು ಹೇಗೆ ಇಚ್ಛೆಗೆ ಬಿಟ್ಟದ್ದೋ ಲೆಕ್ಕ ಕೊಡುವುದೂ ಹಾಗೆಯೇ ಇಚ್ಛೆಗೆ ಬಿಟ್ಟದ್ದಾಗಿತ್ತು. ಸ್ಥಳಕ್ಕೆ ಹೋಗಿ ನೋಡಿ, ಹೇಳಿದ ಕೆಲಸ ನಡೆದಿದೆಯೇ ಇಲ್ಲವೇ ಎಂದು ತನಿಖೆ ಮಾಡುವ ಅಧಿಕಾರವುಳ್ಳವರನ್ನು ಯಾರೂ ನೇಮಿಸಲಿಲ್ಲ. ಆ ಆಯೋಗವೂ ೨೦೧೩ರಲ್ಲಿ ಮುಕ್ತಾಯವಾಗಿ, ಅದರ ಸ್ಥಾನದಲ್ಲಿ ಬೇರೊಂದು ಉನ್ನತ ಮಟ್ಟದ ವೇದಿಕೆ ಏರ್ಪಟ್ಟಿತು.

ಲೆಕ್ಕ ತೆಗೆದಾಗ ಕಂಡದ್ದು

ಸರ್ಕಾರಗಳು ನೋಡದಿದ್ದ ಲೆಕ್ಕವನ್ನು ವಿದ್ವಾಂಸರು ನೋಡಿದರು. ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದ ಒಂದು ವಿಶ್ವವಿದ್ಯಾನಿಲಯದ ಸಂಶೋಧಕರು, ಜೋಹಾನ್ಸ್‌ಬರ್ಗ್ ಸಭೆಯಿಂದ ಹುಟ್ಟಿದ ಪಾಲುಗಾರಿಕೆಗಳನ್ನೆಲ್ಲ ಒಂದೊಂದಾಗಿ ಪಟ್ಟಿಮಾಡಿ, ಹೇಳಿದ್ದೇನು ಮತ್ತು ಮಾಡಿದ್ದೇನು ಎಂದು ಹೋಲಿಸಿ, ೨೦೧೨ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಅವುಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವುಗಳಲ್ಲಿ ಕೆಲಸವೇ ಕಾಣಲಿಲ್ಲ, ಇಲ್ಲವೆ ಅಳತೆಗೆ ಸಿಗುವ ಫಲವಿರಲಿಲ್ಲ. ಮತ್ತೆ ಸುಮಾರು ನಾಲ್ಕನೆಯ ಒಂದು ಪಾಲಿನವು ಏನೋ ಒಂದು ಕೆಲಸವನ್ನು ಮಾಡುತ್ತಿದ್ದರೂ ಅದಕ್ಕೂ ಅವು ಸಾರಿದ್ದ ಗುರಿಗೂ ನೇರವಾದ ಸಂಬಂಧವಿರಲಿಲ್ಲ. ನೂಲುವ ಘಟಕವೆಂದು ಹೇಳಿ ಸಭೆ ಸಮಾರಂಭಗಳನ್ನು ಮಾತ್ರ ನಡೆಸಿದಂತೆ ಇದು.

ಮತ್ತೊಂದು ಅಂಶವು ರೈತರಿಗೆ ವಿಶೇಷವಾಗಿ ಸಂಬಂಧಪಟ್ಟದ್ದು. ಈ ಪಾಲುಗಾರಿಕೆಗಳ ಮುಂದಾಳುಗಳಾಗಿ ಕಾಣಿಸಿಕೊಂಡವರು ಬಹುಮಟ್ಟಿಗೆ ಸರ್ಕಾರಗಳೂ ಅಂತಾರಾಷ್ಟ್ರೀಯ ಸಂಸ್ಥೆಗಳೂ ಆಗಿದ್ದುವು. ೧೯೯೨ರ ಪಟ್ಟಿಯಲ್ಲಿ ಹೆಸರಿಸಲ್ಪಟ್ಟ ರೈತರೂ ಕಾರ್ಮಿಕರೂ ಮೂಲನಿವಾಸಿಗಳೂ ಮುಂದಾಳುಗಳ ಸ್ಥಾನದಲ್ಲಿ ಅತಿ ವಿರಳವಾಗಿದ್ದರು. ಪಂಕ್ತಿಯಲ್ಲಿ ಎಲೆ ಹಾಕಿದ್ದಿತು. ಬಡಿಸುವ ಸೌಟು ಬೇರೆಯವರ ಕೈಯಲ್ಲಿತ್ತು.

ಹಾಗೆಂದು ಈ ಏರ್ಪಾಡೆಲ್ಲವೂ ವ್ಯರ್ಥವೆಂದು ತೀರ್ಮಾನಿಸುವುದು ನ್ಯಾಯವಾಗಲಾರದು. ಎರಡು ನಿದರ್ಶನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯವು ಸ್ಪಷ್ಟವಾಗುತ್ತದೆ.

ಗುರಿಮುಟ್ಟಿದ ಒಂದು ಪಾಲುಗಾರಿಕೆ

ಮೋಟಾರು ಎಂಜಿನ್ನಿನಲ್ಲಿ ಪೆಟ್ರೋಲು ಅಕಾಲದಲ್ಲಿ ಸಿಡಿದು ಬಡಿದಂತೆ ಶಬ್ದವಾಗುವುದನ್ನು ತಡೆಯಲು, ಅದಕ್ಕೆ ಸೀಸದ ಒಂದು ಸಂಯುಕ್ತವನ್ನು ಬೆರೆಸಬಹುದೆಂದು ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯಲ್ಲಿ ಕೆಲಸಮಾಡುತ್ತಿದ್ದ ಥಾಮಸ್ ಮಿಜ್ಲಿ ಎಂಬುವರು ೧೯೨೧ರಲ್ಲಿ ಕಂಡುಹಿಡಿದರು. ೧೯೨೩ರಿಂದ ಆ ಪೆಟ್ರೋಲಿನ ಮಾರಾಟ ಆರಂಭವಾಗಿ ಕೆಲವೇ ದಶಕಗಳಲ್ಲಿ ಲೋಕವನ್ನೆಲ್ಲ ವ್ಯಾಪಿಸಿತು. ಹೊಗೆಯೊಡನೆ ಹೊರಬಿದ್ದ ಸೀಸವು ಗಾಳಿ, ಧೂಳು, ರಸ್ತೆಯ ಅಂಚಿನ ಮಣ್ಣು, ಸೊಪ್ಪು ತರಕಾರಿಗಳ ಮೂಲಕ ಮನುಷ್ಯನ ಮೈ ಸೇರುತ್ತಿತ್ತು. ಸೀಸವು ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿನಲ್ಲಿ ಬಿದ್ದದ್ದು ಬಹುಕಾಲ ಅಲ್ಲಿಯೇ ಉಳಿಯುತ್ತದೆ. ಮಕ್ಕಳ ಬುದ್ಧಿಯ ಬೆಳವಣಿಗೆಗೆ ಅದು ಮಾರಕವೆಂದೂ, ಹಾನಿಯಿಲ್ಲದ ಪ್ರಮಾಣವೆಂಬುದು ಅದರ ವಿಷಯದಲ್ಲಿ ಇಲ್ಲವೆಂದೂ ವೈದ್ಯಶಾಸ್ತ್ರಜ್ಞರು ನಿರ್ಧರಿಸಿದ್ದಾರೆ.

೨೦೦೨ರ ವೇಳೆಗೆ ಐಶ್ವರ್ಯವಂತ ದೇಶಗಳಲ್ಲಿ ಬಹುಪಾಲು ಸೀಸದ ಪೆಟ್ರೋಲನ್ನು ನಿಲ್ಲಿಸಿದ್ದುವು. ಭಾರತವೂ ೨೦೦೦ದಲ್ಲಿ ದೇಶಾದ್ಯಂತ ಅದನ್ನು ನಿಲ್ಲಿಸಿತ್ತು. ಆದರೆ ಇನ್ನೂ ನೂರಕ್ಕೂ ಹೆಚ್ಚು ದೇಶಗಳಲ್ಲಿ ಅದರ ಬಳಕೆಯಿತ್ತು. ಜೋಹಾನ್ಸ್‌ಬರ್ಗ್ ಸಭೆಯಲ್ಲಿ ಆರಂಭವಾದ ‘ಶುದ್ಧ ಇಂಧನ ಮತ್ತು ವಾಹನಗಳ ಪಾಲುಗಾರಿಕೆ’ ಇದನ್ನು ಕೊನೆಗಾಣಿಸುವ ಕೆಲಸವನ್ನು ಕೈಗೊಂಡಿತು. ನೈರೋಬಿ ನಗರದಲ್ಲಿರುವ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕಚೇರಿಯು ಅದರ ಕಾರ್ಯಾಲಯವಾಯಿತು. ಸರ್ಕಾರಗಳು, ಎಣ್ಣೆಯ ಕಂಪೆನಿಗಳು, ಮೋಟಾರು ತಯಾರಕರು, ಸ್ವಯಂಸೇವಾ ಸಂಘಗಳು ಅದರಲ್ಲಿ ಸೇರಿದುವು.

ಅದು ಮಾಡಿದ ಕೆಲಸ ಆಡಂಬರದ್ದಲ್ಲ. ಸೀಸವಿಲ್ಲದ ಪೆಟ್ರೋಲಿನಿಂದ ಹಳೆಯ ಮೋಟಾರುಗಳು ಕೆಡುವುವೆಂಬ ಭಯಕ್ಕೆ ತಜ್ಞರಿಂದ ಉತ್ತರ ಕೊಡಿಸಿತು. ಎಣ್ಣೆ ಶುದ್ಧಿಮಾಡುವ ಕಾರ್ಖಾನೆಗಳವರಿಗೆ ಸೀಸದ ಬದಲು ಬೇರೆ ಯಾವ ಕ್ರಮವನ್ನನುಸರಿಸಬಹುದೆಂದು ತಿಳಿಸಿತು. ಜನರ ರಕ್ತದಲ್ಲಿರುವ ಸೀಸವನ್ನಳೆಯಲು ಸಹಾಯಮಾಡಿ, ಆ ಅಂಕಿಗಳನ್ನು ಅಧಿಕಾರಿಗಳ ಮುಂದಿಟ್ಟಿತು. ೨೦೦೧ರಲ್ಲಿ ಡಕಾರ್ ನಗರದಲ್ಲಿ ಆಫ್ರಿಕದ ದೇಶಗಳು ಮಾಡಿದ್ದ ನಿರ್ಣಯವನ್ನು ಕಾರ್ಯಗತಗೊಳಿಸಲು ನೆರವಾಗಿ, ಸಹಾರಾ ಮರುಭೂಮಿಗೆ ದಕ್ಷಿಣದ ಆಫ್ರಿಕವೆಲ್ಲವೂ ೨೦೦೫ರ ಅಂತ್ಯದ ವೇಳೆಗೆ ಸೀಸವನ್ನು ಬಿಡುವಂತಾಯಿತು. ಉಳಿದ ದೇಶಗಳು ಒಂದೊಂದಾಗಿ ಬಿಟ್ಟುವು. ಕಟ್ಟಕಡೆಯದಾಗಿ ೨೦೨೧ರ ಜುಲೈ ತಿಂಗಳಲ್ಲಿ ಆಲ್ಜೀರಿಯ ದೇಶವು ನಿಲ್ಲಿಸಿತು. ಅದೇ ವರ್ಷ ಆಗಸ್ಟ್ ೩೦ರಂದು ಲೋಕದಲ್ಲಿ ಮೋಟಾರು ವಾಹನಗಳಿಗೆ ಸೀಸದ ಪೆಟ್ರೋಲಿನ ಮಾರಾಟ ಮುಗಿಯಿತೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಪ್ರಕಟಿಸಿದರು. ಇದರಿಂದ ವರ್ಷಕ್ಕೆ ೧೨ ಲಕ್ಷಕ್ಕೂ ಹೆಚ್ಚಿನ ಅಕಾಲಮರಣಗಳು ತಪ್ಪುವುವೆಂಬುದು ಅವರ ಅಂದಾಜು.

ಈ ಕೆಲಸಕ್ಕೆ ಹತ್ತೊಂಬತ್ತು ವರ್ಷಗಳು ಹಿಡಿದುವು. ಅಡ್ಡಿಗಳೂ ಇಲ್ಲದಿರಲಿಲ್ಲ. ಸೀಸದ ಸಂಯುಕ್ತವನ್ನು ತಯಾರಿಸುತ್ತಿದ್ದ ಒಂದು ಕಂಪೆನಿಯು, ತನ್ನ ಸರಕಿನ ಮಾರಾಟವು ನಿಲ್ಲದಂತೆ ಇಂಡೊನೇಷ್ಯಾ ಮತ್ತು ಇರಾಕ್ ದೇಶಗಳ ಅಧಿಕಾರಿಗಳಿಗೆ ಲಂಚ ಕೊಟ್ಟುದನ್ನು ೨೦೧೦ರಲ್ಲಿ ನ್ಯಾಯಸ್ಥಾನದ ಮುಂದೆ ಒಪ್ಪಿಕೊಳ್ಳಬೇಕಾಯಿತು. ಒಂದು ಕಡೆ ಕಂಪೆನಿಗಳು ಪಾಲುಗಾರರಾಗಿ ಕುಳಿತಿದ್ದಾಗಲೇ ಮತ್ತೊಂದು ಕಡೆ ಇಂಥದೂ ನಡೆದಿತ್ತೆಂಬುದನ್ನು ಮರೆಯಲಾಗದು.

ಸೋತ ಒಂದು ಪಾಲುಗಾರಿಕೆ

ಇನ್ನೊಂದು ನಿದರ್ಶನ ಬೇಸಾಯಕ್ಕೇ ಸೇರಿದ್ದು. ೨೦೧೨ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್ ಎಂಬಲ್ಲಿ ಎಂಟು ಪ್ರಬಲ ದೇಶಗಳ ಮುಖ್ಯಸ್ಥರು ಸೇರಿದ್ದ ಸಂದರ್ಭದಲ್ಲಿ ‘ಆಹಾರ ಭದ್ರತೆ ಮತ್ತು ಪೌಷ್ಟಿಕತೆಗಾಗಿ ನೂತನ ಮೈತ್ರಿ’ ಎಂಬ ಪಾಲುಗಾರಿಕೆಯು ಆರಂಭವಾಯಿತು. ಹತ್ತು ವರ್ಷಗಳಲ್ಲಿ ಆಫ್ರಿಕದ ಐದು ಕೋಟಿ ಜನರನ್ನು ಬಡತನದಿಂದ ಮೇಲೆತ್ತುವುದು ಅದರ ಗುರಿ. ಇಥಿಯೋಪಿಯ, ಘಾನ, ಟಾಂಜಾನಿಯ ದೇಶಗಳು ಮೊದಲು ಸೇರಿದುವು. ಆಮೇಲೆ ಸೇರಿದುವುಗಳೊಡನೆ ಒಟ್ಟು ಹತ್ತು ದೇಶಗಳಾದುವು. ಬೀಜ, ಗೊಬ್ಬರ, ಧಾನ್ಯದ ವ್ಯಾಪಾರದಲ್ಲಿ ಹೆಸರಾದ ದೊಡ್ಡ ಕಂಪೆನಿಗಳೂ ಆಫ್ರಿಕದ ಸ್ಥಳೀಯ ಕಂಪೆನಿಗಳೂ ನೂರಾರು ಕೋಟಿ ಡಾಲರುಗಳನ್ನು ಹೂಡುವುದಾಗಿ ಮುಂದೆ ಬಂದುವು.

ಇದರ ಕರಾರಿನ ರಚನೆಯನ್ನು ಜಮೀನುದಾರರು ಚೆನ್ನಾಗಿ ಪರಿಶೀಲಿಸಬೇಕು. ಕಂಪೆನಿಗಳು ಬರೆದುಕೊಟ್ಟವು ‘ಉದ್ದೇಶಪತ್ರ’ಗಳು ಮಾತ್ರ. ಹಣ ಹೂಡುವ ಉದ್ದೇಶವಿದೆಯೆಂದು ಅವುಗಳಲ್ಲಿ ಹೇಳಿತ್ತೇ ವಿನಾ, ಹೂಡದಿದ್ದರೆ ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಆ ಪತ್ರಗಳ ಸಾರಾಂಶ ಪ್ರಕಟವಾಯಿತಲ್ಲದೆ ಪೂರ್ಣಪಾಠವು ರೈತರ ಕೈಗೆ ಬರಲಿಲ್ಲ. ಆದರೆ ಅದೇ ಕಾಗದದ ಎದುರು ಭಾಗದಲ್ಲಿ ಆಫ್ರಿಕದ ಸರ್ಕಾರಗಳು ಬೀಜದ ಕಾನೂನು, ಭೂಮಿಯ ಕಾನೂನು, ತೆರಿಗೆಯ ಕಾನೂನುಗಳನ್ನು ಇಂತಿಂಥ ತಿಂಗಳೊಳಗೆ ಬದಲಾಯಿಸುವುದಾಗಿ ಗಡುವು ಸಹಿತ ಬರೆದುಕೊಟ್ಟುವು. ಮೊಜಾಂಬಿಕ್ ದೇಶದ ಸರ್ಕಾರವು, ಕ್ಷಾಮ ಮುಂತಾದ ತುರ್ತು ಸಂದರ್ಭದಲ್ಲಿ ಗೊತ್ತುಪಡಿಸಿದ ಕೆಲವು ಆಹಾರ ಬೆಳೆಗಳ ಹೊರತು, ಸುಧಾರಿಸದ ಬೀಜವನ್ನು ಉಚಿತವಾಗಿ ಹಂಚುವುದನ್ನು ಕ್ರಮವಾಗಿ ನಿಲ್ಲಿಸುವುದಾಗಿ ಒಪ್ಪಿಕೊಂಡಿತು. ಒಬ್ಬ ಪಾಲುಗಾರನದು ಉದ್ದೇಶ, ಇನ್ನೊಬ್ಬನದು ಶಾಸನ. ಒಬ್ಬನು ಬಿಟ್ಟುಹೋಗಬಹುದು, ಇನ್ನೊಬ್ಬನು ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಕಷ್ಟ.

ಈ ಮೈತ್ರಿಯಿಂದ ಕೆಲವೆಡೆ ಬಂಡವಾಳ ಬಂದದ್ದೂ, ಕೆಲವರು ರೈತರಿಗೆ ಮಾರಾಟದ ಅನುಕೂಲವಾದದ್ದೂ ನಿಜ. ಆದರೂ ಸಣ್ಣ ರೈತರ ಸಂಘಗಳವರು ತಮ್ಮನ್ನು ಕೇಳದೆಯೇ ತಮ್ಮ ಬೀಜ ಮತ್ತು ಭೂಮಿಯ ವಿಷಯ ನಿರ್ಧಾರವಾಯಿತೆಂದು ದೂರಿದರು. ೨೦೧೬ರ ಜೂನ್ ತಿಂಗಳಲ್ಲಿ ಐರೋಪ್ಯ ಪಾರ್ಲಿಮೆಂಟು ಈ ಮೈತ್ರಿಯ ದೋಷಗಳನ್ನು ಖಂಡಿಸಿ, ಸಣ್ಣ ಬೇಸಾಯಗಾರರ ಹಿತವನ್ನು ರಕ್ಷಿಸಬೇಕೆಂದು ನಿರ್ಣಯ ಮಾಡಿತು. ೨೦೧೮ರಲ್ಲಿ ಫ್ರಾನ್ಸ್ ದೇಶವು ಇದರಿಂದ ಹೊರಬಂದಿತು. ಎಂಟು ದೇಶಗಳ ಮುಖ್ಯಸ್ಥರ ಸಭೆಯಲ್ಲಿ ಹುಟ್ಟಿದ ಪಾಲುಗಾರಿಕೆಯು ಹತ್ತು ವರ್ಷದ ತನ್ನ ಅವಧಿ ತುಂಬುವುದಕ್ಕೆ ಮೊದಲೇ ಹೀಗೆ ಬಡವಾಯಿತು.

ಭಾರತದ ರೈತರು ಇಲ್ಲಿ ತಮ್ಮ ಸ್ಥಿತಿಯನ್ನು ಜ್ಞಾಪಿಸಿಕೊಳ್ಳಬಹುದು. ೨೦೦೧ರಲ್ಲಿ ಭಾರತದ ಪಾರ್ಲಿಮೆಂಟು ಅಂಗೀಕರಿಸಿದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ, ರೈತನು ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಲು, ಮತ್ತೆ ಬಿತ್ತಲು, ನೆರೆಯವರಿಗೆ ಕೊಡಲು, ಮುದ್ರೆಯ ಹೆಸರಿಲ್ಲದೆ ಮಾರಲು ಹಕ್ಕುಳ್ಳವನಾಗಿದ್ದಾನೆ. ಬೀಜ ಕಂಪೆನಿಯೊಡನೆ ಕರಾರು ಮಾಡಿಕೊಳ್ಳುವ ಜಮೀನುದಾರರು ಈ ಹಕ್ಕನ್ನು ಮೊದಲು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಎರಡಕ್ಕೂ ಇರುವ ವ್ಯತ್ಯಾಸ

ಮೇಲಿನ ಎರಡು ಪಾಲುಗಾರಿಕೆಗಳಲ್ಲಿಯೂ ಸರ್ಕಾರಗಳಿದ್ದುವು, ಕಂಪೆನಿಗಳಿದ್ದುವು, ಎರಡೂ ಸ್ವಯಂಪ್ರೇರಿತವೇ. ಹಾಗಿದ್ದೂ ಒಂದು ಫಲಿಸಿ ಇನ್ನೊಂದು ಸೊರಗಿದ್ದಕ್ಕೆ ಕಾರಣಗಳಿವೆ.

ಮೊದಲನೆಯದಾಗಿ, ಗುರಿಯ ಅಳತೆ. ಒಂದು ಲೀಟರು ಪೆಟ್ರೋಲಿನಲ್ಲಿ ಸೀಸವುಂಟೋ ಇಲ್ಲವೋ ಎಂಬುದನ್ನು ಯಾವ ಪ್ರಯೋಗಶಾಲೆಯಾದರೂ ಪರೀಕ್ಷಿಸಿ ಹೇಳಬಲ್ಲುದು. ಐದು ಕೋಟಿ ಜನರಲ್ಲಿ ಯಾರು ಬಡತನದಿಂದ ಪಾರಾದರು, ಅದು ಈ ಮೈತ್ರಿಯಿಂದಲೋ ಒಳ್ಳೆಯ ಮಳೆಯಿಂದಲೋ ಎಂಬುದನ್ನು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಎರಡನೆಯದಾಗಿ, ಪಾಲುಗಾರರ ಸ್ವಂತ ಹಿತ. ಹೊಗೆಯನ್ನು ಶುದ್ಧಮಾಡಲು ಹೊಸ ಮೋಟಾರುಗಳಲ್ಲಿ ಅಳವಡಿಸಿದ ಸಾಧನವು ಸೀಸದಿಂದ ಕೆಡುತ್ತಿದ್ದುದರಿಂದ, ಸೀಸವು ತೊಲಗುವುದು ಮೋಟಾರು ತಯಾರಕರಿಗೂ ಬೇಕಾಗಿತ್ತು. ಜನರ ಹಿತವೂ ಪಾಲುಗಾರನ ಹಿತವೂ ಒಂದೇ ದಿಕ್ಕಿನಲ್ಲಿ ಎಳೆಯುತ್ತಿದ್ದುವು. ಬೀಜ ಮಾರುವವರಿಗೂ ಬೀಜ ಉಳಿಸಿಕೊಳ್ಳುವವರಿಗೂ ನೊಗದ ಎರಡು ಕಡೆಯ ಎತ್ತುಗಳಂತೆ ಹೆಜ್ಜೆ ಕೂಡುವುದು ಅಷ್ಟು ಸುಲಭವಲ್ಲ. ಮೂರನೆಯದಾಗಿ, ಕಾನೂನಿನ ಬೆಂಬಲ. ಪೆಟ್ರೋಲಿನ ಪಾಲುಗಾರಿಕೆಗೆ ಯಾರಿಗೂ ಆಜ್ಞೆ ಮಾಡುವ ಅಧಿಕಾರವಿರಲಿಲ್ಲ. ಅದು ತಿಳಿವಳಿಕೆಯನ್ನೂ ಧೈರ್ಯವನ್ನೂ ಕೊಟ್ಟಿತು. ಕೊನೆಯಲ್ಲಿ ಸೀಸವನ್ನು ನಿಷೇಧಿಸಿದ್ದು ಆಯಾ ದೇಶದ ಸರ್ಕಾರವೇ. ಸ್ವಯಂಪ್ರೇರಣೆಯು ಬೀಜದಂತಿದ್ದು ಕಾನೂನು ಬೇಲಿಯಂತಿದ್ದಿತು. ಇನ್ನೊಂದು ಪಾಲುಗಾರಿಕೆಯಲ್ಲಿ ಕಾನೂನಿನ ಭಾರವು ಬಲಹೀನನ ಮೇಲೆ ಮಾತ್ರ ಬಿದ್ದಿತು.

ಕಣಗಿನಹಾಳದ ನಿದರ್ಶನ

ತಾವಾಗಿ ಕೂಡುವುದೂ ಕಟ್ಟುನಿಟ್ಟಾಗಿ ಲೆಕ್ಕ ಕೊಡುವುದೂ ಒಂದಕ್ಕೊಂದು ವಿರುದ್ಧವಲ್ಲವೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಹಳೆಯ ನಿದರ್ಶನವೊಂದುಂಟು. ಗದಗಿನ ಬಳಿಯ ಕಣಗಿನಹಾಳ ಗ್ರಾಮದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ಬೇಸಾಯಗಾರರನ್ನು ಸೇರಿಸಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ೧೯೦೪ರ ಸಹಕಾರ ಪತ್ತಿನ ಸಂಘಗಳ ಕಾಯಿದೆಯ ಮೇರೆಗೆ ದೇಶದಲ್ಲಿ ಹುಟ್ಟಿದ ಮೊಟ್ಟಮೊದಲ ಕೃಷಿ ಪತ್ತಿನ ಸಂಘವೆಂಬ ಕೀರ್ತಿ ಅದಕ್ಕೆ ಸಲ್ಲುತ್ತದೆ.

ಆ ಸಂಘಕ್ಕೆ ಸೇರೆಂದು ಯಾರನ್ನೂ ಯಾರೂ ಬಲವಂತಪಡಿಸಲಿಲ್ಲ. ಅದು ಸಂಪೂರ್ಣವಾಗಿ ಸ್ವಯಂಪ್ರೇರಿತವಾದುದೇ. ಆದರೆ ಸೇರಿದ ಮೇಲೆ ಕಾನೂನಿನ ಕಟ್ಟು ಇತ್ತು. ಸಂಘವು ರಿಜಿಸ್ಟರಾಗಬೇಕಾಗಿತ್ತು, ವರ್ಷಕ್ಕೊಮ್ಮೆಯಾದರೂ ರಿಜಿಸ್ಟ್ರಾರರ ಕಡೆಯಿಂದ ಲೆಕ್ಕದ ತನಿಖೆ ನಡೆಯಬೇಕಾಗಿತ್ತು, ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿಲ್ಲದಿರುವುದೇ ಸಾಮಾನ್ಯ ನಿಯಮವಾಗಿತ್ತು. ಸಂಘಕ್ಕೆ ನಷ್ಟ ಬಂದರೆ ಸಂಘ ಕಟ್ಟಿದವರೂ ಪಾರಾಗುವಂತಿರಲಿಲ್ಲ. ಜೋಹಾನ್ಸ್‌ಬರ್ಗಿನ ಪಟ್ಟಿಯಲ್ಲಿದ್ದ ಅನೇಕ ಪಾಲುಗಾರಿಕೆಗಳಿಗೆ ಇಲ್ಲದಿದ್ದ ಸತ್ತ್ವವು ಇದೇ. ಬಾಗಿಲು ತೆರೆದಿರಬೇಕು, ಒಳಗೆ ಬಂದವನ ಮುಂದೆ ಲೆಕ್ಕದ ಪುಸ್ತಕವೂ ತೆರೆದಿರಬೇಕು.

ಗ್ರಾಮದ ಮುಖ್ಯಸ್ಥರು ಗಮನಿಸತಕ್ಕ ಅಂಶಗಳು

೨೦೧೫ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ದೇಶಗಳೆಲ್ಲ ಒಪ್ಪಿದ ಹದಿನೇಳು ಗುರಿಗಳಲ್ಲಿ ಕಡೆಯದಾದ ೧೭ನೆಯ ಗುರಿಯು ಪಾಲುಗಾರಿಕೆಗೇ ಮೀಸಲಾಗಿದೆ. ಆ ಗುರಿಗಳಿಗೆ ೨೦೩೦ನೆಯ ಇಸವಿಯು ಗಡುವು. ಸ್ವಯಂಪ್ರೇರಿತ ವಾಗ್ದಾನಗಳು ಸಾವಿರಾರು ಸಂಖ್ಯೆಯಲ್ಲಿ ದಾಖಲಾಗಿವೆ. ಇಂತಹ ಯೋಜನೆಗಳು ಊರಿಗೆ ಬಂದಾಗ ಸಂಶಯದಿಂದ ಬಾಗಿಲು ಹಾಕುವುದೂ, ಉತ್ಸಾಹದಿಂದ ಓದದೆ ರುಜು ಹಾಕುವುದೂ ಎರಡೂ ಹಾನಿಕರ. ಈ ಮುಂದಿನ ಅಂಶಗಳನ್ನು ವಿಚಾರಿಸಿ ಮುಂದುವರಿಯುವುದು ಉತ್ತಮ.

೧. ಗುರಿಯು ಅಳೆಯಬರುವಂತಿದೆಯೇ? ‘ರೈತರ ಏಳಿಗೆ’ ಎಂದು ಬರೆದರೆ ಸಾಲದು. ಎಷ್ಟು ಎಕರೆ, ಎಷ್ಟು ಕುಟುಂಬ, ಯಾವ ವರ್ಷದೊಳಗೆ ಎಂಬುದು ಅಂಕಿಗಳಲ್ಲಿರಬೇಕು.

೨. ಯಾರು ಏನನ್ನು ಕೊಡುವರು? ಸರ್ಕಾರದ್ದೆಷ್ಟು, ಕಂಪೆನಿಯದೆಷ್ಟು, ಊರಿನವರದೆಷ್ಟು ಎಂಬುದು ಪ್ರತ್ಯೇಕವಾಗಿರಬೇಕು. ಅವರು ಹೊರಟುಹೋದ ಮೇಲೆ ಪಂಪಿನ ದುರಸ್ತಿ, ಯಂತ್ರದ ಬಿಡಿಭಾಗ, ಕೆಲಸಗಾರರ ಸಂಬಳ ಯಾರ ಹೊಣೆಯೆಂಬುದನ್ನೂ ಬರೆಯಿಸತಕ್ಕದ್ದು.

೩. ಊರು ಬಿಟ್ಟುಕೊಡುವುದೇನು? ಹಣವನ್ನು ಮತ್ತೆ ಸಂಪಾದಿಸಬಹುದು. ಕೈಬಿಟ್ಟ ಜಮೀನು, ಕಳೆದುಹೋದ ನಾಟಿ ಬೀಜ, ಬತ್ತಿದ ಅಂತರ್ಜಲ ಮರಳಿ ಬರುವುದು ದುರ್ಲಭ. ಹಿಂದಕ್ಕೆ ಬಾರದ ವಸ್ತುವಿನ ಮೇಲಿನ ಕರಾರಿನಲ್ಲಿ ಎರಡು ಪಟ್ಟು ಎಚ್ಚರ ಬೇಕು.

೪. ಪೂರ್ಣಪಾಠವನ್ನು ಕೇಳಿ ಪಡೆಯತಕ್ಕದ್ದು. ಸಾರಾಂಶವನ್ನು ನೋಡಿ ರುಜು ಹಾಕಬಾರದು. ಕರಾರು ಕನ್ನಡದಲ್ಲಿದ್ದು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲ್ಪಡಬೇಕು. ಓದು ಬಾರದ ಹಿಡುವಳಿದಾರನಿಗೂ, ಹೊಲದ ಕೆಲಸದ ಬಹುಭಾಗವನ್ನು ಮಾಡುವ ಸ್ತ್ರೀಯರಿಗೂ ಅದು ಅರ್ಥವಾಗಬೇಕು.

೫. ಎರಡು ಕಡೆಯ ಕಟ್ಟೂ ಸಮನಾಗಿದೆಯೇ? ಒಬ್ಬರು ‘ಪ್ರಯತ್ನಿಸುತ್ತೇವೆ’ ಎಂದೂ ಇನ್ನೊಬ್ಬರು ‘ಬದ್ಧರಾಗಿದ್ದೇವೆ’ ಎಂದೂ ಬರೆದಿದ್ದರೆ ಆ ನೊಗ ಒಂದು ಕಡೆಗೆ ವಾಲಿದೆಯೆಂದು ತಿಳಿಯತಕ್ಕದ್ದು.

೬. ಅಳೆಯುವವರು ಯಾರು? ಯೋಜನೆಯನ್ನು ನಡೆಸುವವರೇ ಅದರ ಫಲವನ್ನೂ ಅಳೆದರೆ, ತಕ್ಕಡಿಯನ್ನು ಮಾರುವವನ ಕೈಗೆ ಕೊಟ್ಟಂತಾಗುವುದು. ವರ್ಷಕ್ಕೊಮ್ಮೆ ಹೊರಗಿನವರಿಂದ ತನಿಖೆಯಾಗಿ ಅದರ ಫಲಿತಾಂಶವು ಪಂಚಾಯತಿಯ ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸಲ್ಪಡಬೇಕು.

ಈ ಆರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುವ ಪಾಲುಗಾರನು ದೂರದವನಾದರೂ ಹತ್ತಿರದವನೇ ಸರಿ. ಅಂಥವನೊಡನೆ ಕೂಡುವುದರಿಂದ ಊರಿಗೆ ಒಳ್ಳೆಯದಾಗುವುದು. ಪ್ರಶ್ನೆ ಕೇಳಿದ ಮಾತ್ರಕ್ಕೆ ಅಸಮಾಧಾನಪಡುವವನು ಲೆಕ್ಕ ಕೇಳಿದಾಗ ನಿಲ್ಲುವವನಲ್ಲ. ಪೆಟ್ರೋಲಿನ ಸೀಸವನ್ನು ಲೋಕದಿಂದ ತೊಲಗಿಸಿದ್ದೂ ಪಾಲುಗಾರಿಕೆಯೇ, ದೊಡ್ಡವರ ಸಭೆಯಲ್ಲಿ ಹುಟ್ಟಿ ಹತ್ತು ವರ್ಷ ಬಾಳದೆ ಹೋದದ್ದೂ ಪಾಲುಗಾರಿಕೆಯೇ. ಹೆಸರು ಎರಡಕ್ಕೂ ಒಂದೇ ಆದುದರಿಂದ, ಹೆಸರನ್ನು ನೋಡಿ ಒಪ್ಪದೆ ಕರಾರಿನ ಒಳಗಿರುವುದನ್ನು ನೋಡಿ ಒಪ್ಪುವುದು ಊರಿನ ಹಿರಿಯರ ಕರ್ತವ್ಯವಾಗಿದೆ. ಸಣ್ಣ ಹಿಡುವಳಿದಾರನು ಅವರ ರುಜುವನ್ನು ನಂಬಿ ತನ್ನ ಹೆಬ್ಬೆಟ್ಟನ್ನು ಒತ್ತುತ್ತಾನೆ. ಆ ನಂಬಿಕೆಗೆ ತಕ್ಕ ವಿಚಾರಣೆಯನ್ನು ಅವರು ಮುಂಚೆಯೇ ಮಾಡಿರತಕ್ಕದ್ದು.